ಡಾಲ್ಫಿನ್ ನೋಡಲು ಹೋಗಿ ಚೀಲ ಕಾದದ್ದು

ಸುರಪುರದಿಂದ ಬೆಳಿಗ್ಗೆ ಹುಬ್ಬಳ್ಳಿ ಬಸ್ಸು ಬಿಟ್ಟಾಗಲೇ ನನಗೆ ಈ ಪ್ರವಾಸದ ಮೇಲೆ ಅನುಮಾನವಿತ್ತು. ಇಪ್ಪತ್ತೆರಡು ವರ್ಷ ಕಾಲುವೆಯ ಗೇಜು ನೋಡಿ ನೀರಿನ ಮಟ್ಟ ಬರೆದವನು ನಾನು. ಕದ್ದು ಗೇಟು ಎತ್ತಿದವರೇ ನನ್ನ ಮುಂದೆ ನಿಂತು ದೇವರಾಣೆ ಮಾಡುವುದನ್ನು ಕಂಡು ಕಂಡು, ಯಾರಾದರೂ ನಕ್ಕರೂ ಯಾಕೆ ನಕ್ಕರೆಂದು ಯೋಚಿಸುವ ಚಾಳಿ ಬಿದ್ದಿದೆ. ಕಂಡಕ್ಟರ್ ಕೊಟ್ಟ ಟಿಕೆಟನ್ನೂ ಎರಡು ಸಲ ಓದಿಯೇ ಜೇಬಿಗೆ ಹಾಕಿದೆ.

ಹೊರಟದ್ದು ನನ್ನ ಹೆಂಡತಿ ನೀಲಮ್ಮನ ಸಲುವಾಗಿ. ಆಕೆ ಕಾಲುವೆ ದಂಡೆಯ ಶಾಲೆಯಲ್ಲಿ ಟೀಚರು. ಪುಸ್ತಕದಲ್ಲಿ ಡಾಲ್ಫಿನ್ ಚಿತ್ರ ತೋರಿಸಿದಾಗ ಹುಡುಗರು, ನೀವು ಇದನ್ನ ನೋಡೀರೇನ್ರಿ ಅಂತ ಕೇಳಿದರಂತೆ. ಈಕೆ ಬಾಯಿತಪ್ಪಿ ಹೂಂ ಅಂದುಬಿಟ್ಟಿದ್ದಳು. ಅಂದಿನಿಂದ ಆಕೆಗೆ ಸಮಾಧಾನವಿಲ್ಲ. ದಸರಾ ರಜೆಯೊಳಗೆ ಒಮ್ಮೆ ಕಣ್ಣಾರೆ ನೋಡಿ, ಹುಡುಗರ ಮುಂದೆ ಸುಳ್ಳು ಒಪ್ಪಿಕೊಳ್ಳಬೇಕೆಂದು ಹಟ ಹಿಡಿದಳು. ನನಗೆ ಸಿಕ್ಕ ರಜೆ ನಾಲ್ಕೇ ದಿನ. ಹೋಗಿ ಬರುವುದು ಕಳೆದರೆ ಸಮುದ್ರಕ್ಕೆ ಉಳಿಯುವುದು ಒಂದು ಬೆಳಗು ಮಾತ್ರ.

ಹುಬ್ಬಳ್ಳಿಯಲ್ಲಿ ಉಳಿದು, ಮರುದಿನ ಯಲ್ಲಾಪುರದ ಮೇಲೆ ಅರಬೈಲ್ ಘಟ್ಟ ಇಳಿದೆವು. ಘಟ್ಟದ ಕೆಳಗೆ ಅಂಗಿ ಮೈಗೆ ಅಂಟಿತು. ಮನೆಯಿಂದ ಕಟ್ಟಿಕೊಂಡು ಬಂದ ಖಡಕ್ ರೊಟ್ಟಿ ಒದ್ದೆ ಅರಿವೆಯಂತೆ ಮೆತ್ತಗಾಗಿತ್ತು. ಸರಿಯಾಗಿ ಬೇಯಿಸಿದ್ದೀಯೋ ಇಲ್ಲವೋ ಎಂದು ಕೇಳಿ ನೀಲಮ್ಮನ ಕೈಲಿ ಬೈಸಿಕೊಂಡೆ. ಅದನ್ನೇ ಶೇಂಗಾ ಹಿಂಡಿ ಹಚ್ಚಿಕೊಂಡು ತಿಂದೆವು.

ಅಂಕೋಲಾದಿಂದ ಹಳ್ಳಿ ಬಸ್ಸು ಹಿಡಿದು, ಹೊಳೆ ಸಮುದ್ರಕ್ಕೆ ಸೇರುವ ಅಳಿವೆಯ ಹತ್ತಿರ ಇಳಿದಾಗ ಸಂಜೆ ಐದೂವರೆ. ದೋಣಿಯ ಗಣಪತಿ ಎಂಬವನು ತಾನಾಗಿಯೇ ಬಂದು, ಡಾಲ್ಫಿನ್ ತೋರಿಸಿಕೊಂಡು ಬರುತ್ತೇನೆಂದ. ತಾನಾಗಿಯೇ ಬಂದದ್ದೇ ನನಗೆ ಸೇರಲಿಲ್ಲ. "ಬೆಳಿಗ್ಗೆ ಆರೂವರೆ ಒಳಗೆ ಬನ್ನಿ. ಆಮೇಲೆ ನೀರು ಇಳೀತದೆ, ದೋಣಿ ಅಳಿವೆ ದಾಟೂದಿಲ್ಲ" ಎಂದ.

ಸಮುದ್ರದಲ್ಲಿ ಭರತ ಇಳಿತ ಇರುವುದನ್ನು ನಾನೂ ಓದಿದ್ದೆ. ಆದರೂ ನನ್ನ ಕೆಲಸ ನಾನು ಬಿಡಲಿಲ್ಲ. ಇಟ್ಟಿಗೆ ಚೂರಿನಿಂದ, ದೋಣಿ ಕಟ್ಟುವ ದಕ್ಕೆಯ ಗೋಡೆಗೆ ನೀರಿನ ಮಟ್ಟಕ್ಕೆ ಒಂದು ಗೀಟು ಎಳೆದೆ. ಬೆಳಿಗ್ಗೆ ಆರಕ್ಕೆ ಹೋಗಿ ನೋಡಿದರೆ ನೀರು ಅದೇ ಗೀಟಿಗೇ ನಿಂತಿದೆ! ಹನ್ನೆರಡು ತಾಸಿನಲ್ಲಿ ಒಂದು ಬೆರಳೂ ಇಳಿದಿಲ್ಲ. ಕಾಲುವೆಯಲ್ಲಿ ನಮ್ಮದು ದಿನಕ್ಕೆ ಎರಡೇ ರೀಡಿಂಗು, ಬೆಳಿಗ್ಗೆ ಒಂದು, ಸಂಜೆ ಒಂದು. ಎರಡೂ ಒಂದೇ ಇದ್ದರೆ ನಡುವೆ ಏನೂ ಆಗಿಲ್ಲವೆಂದೇ ಲೆಕ್ಕ. ಈ ಗಣಪತಿ ನಮ್ಮ ಟ್ರಿಪ್ ಬೇಗ ಮುಗಿಸಿ ಇನ್ನೊಂದು ಹೊಡೆಯುವ ಹಿಕ್ಮತ್ತು ಮಾಡುತ್ತಿದ್ದಾನೆಂದು ಖಾತ್ರಿಯಾಯಿತು. ನೀಲಮ್ಮ ಎರಡು ಸಲ "ಹೋಗೂಣು ನಡೀರಿ" ಅಂದಳು. ನಾನು ಬೇಕಂತಲೇ ಹೋಟೆಲಿನಲ್ಲಿ ಕೂತು ಅವಲಕ್ಕಿ ತಿಂದು, ಎರಡನೇ ಚಹಾ ತರಿಸಿದೆ.

ಎಂಟೂವರೆಗೆ ಹೋದಾಗ ಗೀಟು ಗೋಡೆಯ ಮೇಲೆ ಒಂಟಿಯಾಗಿತ್ತು. ನೀರು ಎಷ್ಟೋ ಕೆಳಗೆ. ಅಳಿವೆಯ ಬಾಯಿಗೆ ಮರಳಿನ ದಿಬ್ಬ ಎದ್ದು, ಅದರ ಮೇಲೆ ಹಕ್ಕಿಗಳು ಓಡಾಡುತ್ತಿದ್ದವು. ದಂಡೆಯ ದೋಣಿ ಒಂದು ಮಗ್ಗುಲಿಗೆ ವಾಲಿ ಮಲಗಿತ್ತು. ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುವ ನೀರನ್ನು ನಾನು ಎರಡು ಸಲವೂ ಏರಿದಾಗಲೇ ನೋಡಿದ್ದೆ. ನೀಲಮ್ಮ ವಾಲಿದ ದೋಣಿಯ ಹತ್ತಿರ ಹೋಗಿ ಸಮುದ್ರದ ಕಡೆ ನೋಡುತ್ತ ನಿಂತಳು. ಬೈದಿದ್ದರೆ ಹಗುರಾಗುತ್ತಿತ್ತು.

ಮಧ್ಯಾಹ್ನದ ಬಸ್ಸು ತಪ್ಪಿಸುವಂತಿರಲಿಲ್ಲ. ಗಣಪತಿಯ ಹೆಂಡತಿ ಮಾದೇವಿ ನೀಲಮ್ಮನ ಮುಖ ನೋಡಿ, ಗುಡ್ಡದ ತುದಿಯ ಬಂಡೆಗೆ ಹೋದರೆ ಒಮ್ಮೊಮ್ಮೆ ಕಾಣುತ್ತವೆ, ಚೀಲ ನಮ್ಮ ಮನೆಯಲ್ಲಿಡಿ ಎಂದಳು. ಗುರುತಿಲ್ಲದವರ ಮನೆಯಲ್ಲಿ ಚೀಲ ಇಡುವವನೇ ನಾನು? ನೀವು ಹೋಗಿ ಬರ್ರಿ ಎಂದು ಹೇಳಿ ಗುಡ್ಡದ ಬುಡದಲ್ಲಿ ಕೂತೆ. ಒಂದು ತಾಸು ಎರಡು ಚೀಲ ಕಾದೆ. ಒಂದು ನಾಯಿ ಬಂದು ರೊಟ್ಟಿಯ ಗಂಟು ಮೂಸಿ ಹೋಯಿತು.

ನೀಲಮ್ಮ ಇಳಿದು ಬಂದಾಗ ಕಣ್ಣು ಕೆಂಪಾಗಿದ್ದವು. ಕಂಡವೇನು ಎಂದೆ. "ಕಂಡ್ವು" ಎಂದಳು, ಅಷ್ಟೇ. ನಾನೂ ಓಡಿ ಹತ್ತಿ ನೋಡಿದೆ. ಬರೀ ನೀರು. ಊರು ಮುಟ್ಟುವವರೆಗೆ ಆಕೆ ಕಿಟಕಿಯ ಕಡೆಗೇ ಮುಖ ಮಾಡಿದ್ದಳು. ನಿಜವಾಗಿ ಕಂಡವೋ, ನನ್ನ ಮರ್ಯಾದೆ ಉಳಿಸಲು ಅಂದಳೋ ಎಂದು ದಾರಿಯುದ್ದಕ್ಕೂ ತಲೆ ಕೊರೆಯಿತು.

ಶಾಲೆ ತೆರೆದ ದಿನ ದಂಡೆಗುಂಟ ಸೈಕಲ್ ಮೇಲೆ ಬರುತ್ತಿದ್ದವನು ಆಕೆಯ ದನಿ ಕೇಳಿ ಕಿಟಕಿಯ ಹತ್ತಿರ ನಿಂತೆ. ಸುಳ್ಳು ಹೇಳಿದ್ದನ್ನು ಒಪ್ಪಿಕೊಂಡು ಆಗಿತ್ತು ಕಾಣುತ್ತದೆ. "ತಾಯಿ ಬಗಲಾಗ ಒಂದು ಮರಿ ಇತ್ತು. ತಾಯಿ ಎದ್ದಾಗೊಮ್ಮೆ ತಾನೂ ಏಳಾಕತ್ತಿತ್ತು. ಒಂದು ಸಲ ತಾಯಿ ಒಂದೇ ಬಂತು, ಮರಿ ಬರಲಿಲ್ಲ. ನನ್ನ ಜೀವ ಹೋದಂಗಾತು. ಆಮ್ಯಾಲೆ ಅದೂ ಬಂತು ನೋಡ್ರಿ, ನಾ ಅತ್ತೇ ಬಿಟ್ಟೆ" ಎನ್ನುತ್ತಿದ್ದಳು. ಒಂದು ಮಗುವೂ ಮಿಸುಕಾಡುತ್ತಿರಲಿಲ್ಲ.

ಸಂಜೆ ಮನೆಯಲ್ಲಿ, ಇದನ್ನು ನನಗ್ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಆಕೆ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ಹೇಳಿದ್ರ, ಅಷ್ಟು ದೂರದಾಗಿಂದ ಅದು ಮರಿನೇ ಅಂತ ಹೆಂಗ ಗೊತ್ತಾತು ಅಂತಿದ್ರಿ. ಆ ಹುಡುಗರು ಅನ್ನಲಿಲ್ಲ."

ಶಾಲೆಯ ಕಿಟಕಿಯ ಹತ್ತಿರ ನಿಂತಾಗ ನನ್ನ ಬಾಯಿಗೆ ಬಂದದ್ದು ಅದೇ ಮಾತು.