ಟೀ ಪುಡಿಗೆ ಹತ್ತಿದ ಸೆಂಟು

ನಾನು ಚಿಕ್ಕವಳಿದ್ದಾಗ ನಮ್ಮ ಅಪ್ಪನಿಗೆ ವಾಸನೆಯೇ ಇರಲಿಲ್ಲ. ನಗಬೇಡಿ ಮಕ್ಕಳೇ, ನಿಜವಾಗಿ ಹೇಳುತ್ತಿದ್ದೇನೆ. ಬೆಟ್ಟದ ಮೇಲಿನ ನಮ್ಮ ಹಟ್ಟಿಯ ಉಳಿದ ಗಂಡಸರನ್ನು ನಾನು ಕಣ್ಣು ಮುಚ್ಚಿಕೊಂಡೇ ಗುರುತು ಹಿಡಿಯುತ್ತಿದ್ದೆ. ಒಬ್ಬರು ಬೀಡಿ ವಾಸನೆ, ಒಬ್ಬರು ಎಮ್ಮೆ ಕೊಟ್ಟಿಗೆಯ ವಾಸನೆ, ಮಿಲಿಟರಿಯಿಂದ ರಜೆಗೆ ಬಂದವರು ಕೆಂಪು ಸೋಪಿನ ವಾಸನೆ. ಊಟಿ ಮಾರ್ಕೆಟ್ಟಿನಲ್ಲಿ ಆಲೂಗಡ್ಡೆ ಮಂಡಿ ಇಟ್ಟಿದ್ದ ಚಿಕ್ಕಪ್ಪನಂತೂ ಕಿವಿಯಲ್ಲಿ ಅತ್ತರಿನ ಹತ್ತಿ ಸಿಕ್ಕಿಸಿಕೊಂಡು ಬರುತ್ತಿದ್ದ. ಅವನು ಬಸ್ಸಿನಿಂದ ಇಳಿದದ್ದು ಹಟ್ಟಿಯ ಮೇಲಿನ ಮನೆಯವರಿಗೂ ಗೊತ್ತಾಗುತ್ತಿತ್ತು. ಅಪ್ಪನ ತೊಡೆಯ ಮೇಲೆ ಮಲಗಿದರೆ ಮಾತ್ರ ಬರೀ ಒಗೆದ ಬಟ್ಟೆ, ಬೆಚ್ಚಗಿನ ಮೈ, ಅಷ್ಟೇ.

ಅದು ಅಪ್ಪನ ಕೆಲಸದ ಕಟ್ಟಳೆ. ಮಂಜೂರು ಪೇಟೆಯಿಂದ ಕೆಳಗಿನ ಟೀ ಫ್ಯಾಕ್ಟರಿಯಲ್ಲಿ ಅವನು ಜರಡಿ ಕೋಣೆಯ ಆಳು. ಎಲೆಯನ್ನು ಬಾಡಿಸಿ, ಅರೆದು, ಒಣಗಿಸಿದ ಮೇಲೆ ಪುಡಿ ಬಂದು ಸೇರುವುದು ಆ ಕೋಣೆಗೆ. ಟೀ ಪುಡಿಯಂಥ ಹೊಟ್ಟೆಬಾಕ ಇನ್ನೊಂದಿಲ್ಲ. ಹತ್ತಿರ ಈರುಳ್ಳಿ ಇಡಿ, ಸೀಮೆಎಣ್ಣೆ ಇಡಿ, ಮಲ್ಲಿಗೆ ಇಡಿ, ಎಲ್ಲದರ ವಾಸನೆಯನ್ನೂ ಹೀರಿ ತನ್ನದು ಮಾಡಿಕೊಂಡುಬಿಡುತ್ತದೆ. ಅದಕ್ಕೇ ಅಲ್ಲಿಗೆ ಹೋಗುವ ಹೆಂಗಸರು ಹೂ ಮುಡಿಯುವ ಹಾಗಿಲ್ಲ, ಗಂಡಸರು ತಲೆಗೆ ವಾಸನೆ ಎಣ್ಣೆ ಹಚ್ಚುವ ಹಾಗಿಲ್ಲ. ಬಾಗಿಲಲ್ಲಿ ತಮಿಳು ವಾಚ್‌ಮನ್ ಒಬ್ಬ ನಿಂತು ಒಬ್ಬೊಬ್ಬರ ಕುತ್ತಿಗೆಯ ಹತ್ತಿರ ಮೂಗು ಚಾಚಿ ನೋಡಿ, ಆಮೇಲೆ ಒಳಗೆ ಬಿಡುತ್ತಿದ್ದ.

ಜರಡಿ ಹಿಡಿದು ರಾಶಿ ಹಾಕಿದ ಪ್ರತಿ ಗುಡ್ಡೆಯಿಂದ ಒಂದು ಹಿಡಿ ಪುಡಿ ತೆಗೆದು ಸಣ್ಣ ಡಬ್ಬಿಗೆ ತುಂಬುವುದು ಅಪ್ಪನ ಪಾಲಿನ ಕೆಲಸ. ಆ ಡಬ್ಬಿ ಕೂನೂರಿನ ಟೀ ಹರಾಜಿಗೆ ಹೋಗುತ್ತಿತ್ತು. ಅಲ್ಲಿ ರುಚಿ ನೋಡುವವರು ಅದನ್ನು ಕುದಿಸಿ, ಬಾಯಿಗೆ ಹಾಕಿ, ಉಗಿದು, ಇಡೀ ಗುಡ್ಡೆ ಒಳ್ಳೆಯದೋ ಕೆಟ್ಟದೋ ಎಂದು ತೀರ್ಪು ಕೊಡುತ್ತಿದ್ದರು. ಡಬ್ಬಿ ತುಂಬುವ ಕೈಯನ್ನು ಫ್ಯಾಕ್ಟರಿ ನಂಬಬೇಕು. ನಮ್ಮ ಹಟ್ಟಿಯವರಲ್ಲಿ ಆ ನಂಬಿಕೆ ಸಿಕ್ಕಿದ್ದು ಅಪ್ಪ ಒಬ್ಬನಿಗೇ. ಬೇರೆ ಯಾವುದಕ್ಕೂ ಜಂಬ ಪಡದ ಮನುಷ್ಯ ಆ ಕೆಲಸದ ಮಾತು ಬಂದರೆ ಸ್ವಲ್ಪ ಎದೆಯುಬ್ಬಿಸಿ ಕೂರುತ್ತಿದ್ದ.

ಬೆಳಿಗ್ಗೆ ಅವನ ಕೈಗೆ ನೀರು ಹಾಕುವುದು ನನ್ನ ಕೆಲಸ. ಒಲೆಯ ಮೇಲಿಂದ ಬಿಸಿನೀರು ಮೊಗೆದು ತಂದರೆ ಅವನು ಬೂದಿ ಹಾಕಿ ಉಗುರಿನ ಸಂದಿಯೂ ಬಿಡದೆ ತಿಕ್ಕುತ್ತಿದ್ದ. ಮುಖ ಕ್ಷೌರ ಮಾಡಿಕೊಂಡರೂ ಅಷ್ಟೇ, ಬ್ಲೇಡು, ಬಿಸಿನೀರು, ಕೊನೆಗೆ ಪಟಿಕದ ಕಲ್ಲು. ಮಂಜು ಬಿದ್ದ ಅಂಗಳದಲ್ಲಿ ಅವನ ಕೈಯಿಂದ ಹಬೆ ಏಳುತ್ತಿತ್ತು. ಆಮೇಲೆ ಅವನು ನನ್ನ ಕೆನ್ನೆಯನ್ನೂ ಮುಟ್ಟದೆ ಹೊರಟುಬಿಡುತ್ತಿದ್ದ.

ಹೀಗಿರುವಾಗ ಅಕ್ಕನ ಮದುವೆಯಾಯಿತು. ಬಾವ ಊಟಿಯಲ್ಲಿ ಟೂರಿಸ್ಟರಿಗೆ ಜೀಪು ಓಡಿಸುತ್ತಿದ್ದ. ನೋಡಲು ಚೆಲುವ, ಅದು ಅವನಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಹಬ್ಬಕ್ಕೆಂದು ತವರಿಗೆ ಬಂದಿದ್ದ ಅಕ್ಕನನ್ನು ಕರೆದುಕೊಂಡು ಹೋಗಲು ಅವನೂ ಅವನ ದೊಡ್ಡಪ್ಪನೂ ಬಂದು ನಮ್ಮಲ್ಲಿ ಉಳಿದಿದ್ದರು. ಬೆಳಿಗ್ಗೆ ಬಾವ ಅಂಗಳದಲ್ಲಿ ಕನ್ನಡಿ ನೇತುಹಾಕಿ ಕ್ಷೌರಕ್ಕೆ ಕೂತ. ಕ್ಷೌರ ಮುಗಿದ ಮೇಲೆ ಚೀಲದಿಂದ ಒಂದು ನೀಲಿ ಬಾಟಲಿ ತೆಗೆದ. ಅಂಗೈಗೆ ಸುರಿದುಕೊಂಡು ಎರಡೂ ಕೆನ್ನೆಗೆ ಫಟಫಟ ಬಡಿದುಕೊಂಡ. ಮಿಕ್ಕದ್ದನ್ನು ಕ್ರೀಮು ಹಚ್ಚಿದ ತಲೆಗೂದಲಿಗೆ ಸವರಿದ. ನಿಂಬೆ, ಲವಂಗ, ಇನ್ನೂ ಏನೇನೋ ಸೇರಿದ ಘಾಟು. ಕಟ್ಟಿದ್ದ ಕರು ಎರಡು ಸಲ ಸೀನಿತು.

‘ಏನ್ ಬಾವ ಅದು?’ ಎಂದೆ.

‘ಶೇವಿಂಗ್ ಆದ್ಮೇಲೆ ಹಚ್ಚೋದು. ಊಟಿಗೆ ಬರೋ ದೊಡ್ಡೋರೆಲ್ಲ ಇದನ್ನೇ ಹಚ್ಚೋದು. ನಿಮ್ಮಪ್ಪಂಗೆ ಇವೆಲ್ಲ ಎಲ್ಲಿ ಗೊತ್ತು’ ಎಂದು ನಕ್ಕ.

ಅಪ್ಪ ಆಗಲೇ ಕೈ ತೊಳೆದು, ಕಂಬಳಿ ಹೊದ್ದು ಹೊರಟು ನಿಂತಿದ್ದ. ಅವನು ಸಂಜೆ ಬರುವಷ್ಟರಲ್ಲಿ ಅಕ್ಕ ಹೊರಟುಹೋಗಿರುತ್ತಿದ್ದಳು. ಅದಕ್ಕೆ ಗಂಡ ಹೆಂಡತಿ ಇಬ್ಬರೂ ಆಶೀರ್ವಾದಕ್ಕೆ ಬಂದರು. ನಮ್ಮಲ್ಲಿ ಕಾಲಿಗೆ ಬೀಳುವುದಕ್ಕಿಂತ ತಲೆ ಬಾಗಿಸುವುದೇ ರೂಢಿ, ನಿಮಗೂ ಗೊತ್ತಲ್ಲ. ಕಿರಿಯರು ತಲೆ ಬಾಗಿಸಬೇಕು, ಹಿರಿಯರು ಅದರ ಮೇಲೆ ಕೈಯಿಟ್ಟು ಹರಸಬೇಕು. ಅಪ್ಪ ಮೊದಲು ಅಕ್ಕನ ತಲೆಯ ಮೇಲೆ ಕೈಯಿಟ್ಟ. ಆಮೇಲೆ ಬಾವ ತಲೆ ಬಾಗಿಸಿದ. ಅಪ್ಪನ ಕೈ ಒಂದು ಕ್ಷಣ ಗಾಳಿಯಲ್ಲೇ ನಿಂತಿತು, ನಾನು ನೋಡಿದೆ. ಆದರೆ ಹೊಸ ಅಳಿಯ ಬಾಗಿಸಿದ ತಲೆಯನ್ನು ಮುಟ್ಟದೆ ಇರಲಾಗುತ್ತದೆಯೇ? ಪೂರ್ತಿ ಅಂಗೈ ಊರಿ, ‘ಬಾಳಿ ಬದುಕು, ಒಳ್ಳೇದಾಗ್ಲಿ’ ಎಂದ.

ಕೈ ತೆಗೆದಾಗ ಅಂಗೈ ಕ್ರೀಮಿನಿಂದ ಮಿನುಗುತ್ತಿತ್ತು. ನಾನು ಓಡಿಹೋಗಿ ಬಿಸಿನೀರಿನ ಚೊಂಬು, ಬೂದಿ ಎರಡನ್ನೂ ತಂದೆ. ದಿನಾ ಮಾಡುವ ಕೆಲಸ, ಯಾರೂ ಹೇಳಬೇಕಿರಲಿಲ್ಲ. ಅಪ್ಪನೂ ಅಭ್ಯಾಸದಂತೆ ಕೈ ಚಾಚಿದ.

ಜಗಲಿಯ ಮೇಲೆ ಕೂತಿದ್ದ ಬಾವನ ದೊಡ್ಡಪ್ಪ ಕಾಫಿ ಲೋಟ ಕೆಳಗಿಟ್ಟರು. ‘ಏನ್ ಬೀಗ್ರೇ, ನಮ್ ಹುಡುಗನ ತಲೆ ಮುಟ್ಟಿದ್ದಕ್ಕೆ ಕೈ ತೊಳ್ಕೋಬೇಕಾ? ಹರಸಿದ್ದನ್ನ ಇಲ್ಲೇ ತೊಳ್ದು ಬಿಡ್ತೀರಾ?’ ಎಂದರು. ಅವರು ಜೋರಾಗಿಯೇನೂ ಹೇಳಲಿಲ್ಲ, ನಗುತ್ತಲೇ ಹೇಳಿದರು. ಆದರೆ ಬಾವನ ಮುಖ ಕಪ್ಪಿಟ್ಟಿತು. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಅಪ್ಪನನ್ನೇ ನೋಡುತ್ತಿದ್ದಳು. ಆ ಮನೆಗೆ ಹೋಗಿ ಬದುಕಬೇಕಾದವಳು ಅವಳು.

ಅಪ್ಪ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ‘ಒಳಗಿಡು ಮಗಾ, ಹೊತ್ತಾಯ್ತು’ ಎಂದು ನನಗೆ ಹೇಳಿ ಇಳಿಜಾರಿನಲ್ಲಿ ಇಳಿದು ಹೋದ. ಕೆಲಸದ ವಿಷಯ ಬಿಡಿಸಿ ಹೇಳಬಹುದಿತ್ತು ಎಂದು ನಿಮಗೆ ಅನ್ನಿಸುತ್ತದೆ. ನನಗೂ ಅನ್ನಿಸುತ್ತದೆ. ಆದರೆ ಒಬ್ಬ ಹಿರಿಯ ತಪ್ಪು ಕಂಡುಹಿಡಿದ ಮೇಲೆ ಕಾರಣ ಹೇಳಿದರೆ ಅದು ಎದುರುತ್ತರವಾಗುತ್ತಿದ್ದ ಕಾಲ ಅದು.

ದಾರಿಯಲ್ಲಿ ತೊರೆಯ ನೀರಿಗೆ ಇಳಿದು ಮಣ್ಣು ಹಾಕಿ ಕೈ ಉಜ್ಜಿಕೊಂಡನಂತೆ. ಕ್ರೀಮಿಗೆ ಅಂಟಿದ ಸೆಂಟು ತಣ್ಣೀರಿಗೆ ಬಗ್ಗುತ್ತದೆಯೇ? ನಡೆಯುತ್ತಾ ನಡೆಯುತ್ತಾ ಅವನ ಮೂಗಿಗೆ ಅದು ಒಗ್ಗಿಹೋಯಿತು, ಹೋಯಿತೆಂದೇ ಅಂದುಕೊಂಡ. ವಾಚ್‌ಮನ್ ಎಂದಿನಂತೆ ಕುತ್ತಿಗೆ ಮೂಸಿ ‘ಉಳ್ಳೇ ಪೋ’ ಎಂದು ಒಳಗೆ ಬಿಟ್ಟ. ಅಂಗೈ ನೋಡುವ ರೂಢಿ ಇರಲಿಲ್ಲ. ಅಪ್ಪ ಆ ಕೈಯಿಂದಲೇ ಡಬ್ಬಿಗಳನ್ನು ತುಂಬಿದ.

ಕೂನೂರಿನಿಂದ ಸುದ್ದಿ ಬಂತು. ಟೀಯಲ್ಲಿ ಸೆಂಟಿನ ವಾಸನೆ, ಈ ಗುಡ್ಡೆ ಯಾರಿಗೂ ಬೇಡ. ಗುಡ್ಡೆಯಲ್ಲಿ ಏನೂ ಆಗಿರಲಿಲ್ಲ, ಡಬ್ಬಿಯದ್ದೇ ತೊಂದರೆ, ಆದರೆ ಆ ಮಾತನ್ನು ಯಾರು ಕೇಳುತ್ತಾರೆ? ಮ್ಯಾನೇಜರ್ ಜರಡಿ ಕೋಣೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ಯಾರ ಕೆಲಸವೆಂದು ಕೇಳಿದ. ಹೆಂಗಸರು ಅಳತೊಡಗಿದರು. ಅಪ್ಪ ಮುಂದೆ ಬಂದು ‘ನನ್ ಕೈಯಿಂದ ಆಗಿದ್ದು’ ಎಂದ. ಹೇಗೆ ಎಂದು ಕೇಳಿದ್ದಕ್ಕೆ ಬಾಯಿ ಬಿಡಲಿಲ್ಲ. ಅಂದಿನಿಂದ ಅವನನ್ನು ಒಣಗಿಸುವ ಯಂತ್ರದ ಒಲೆಗೆ ಸೌದೆ ಹಾಕಲು ಕಳಿಸಿದರು.

ಹಟ್ಟಿಯಲ್ಲಿ ಅದೊಂದು ದೊಡ್ಡ ತಮಾಷೆಯಾಯಿತು. ಮಗಳ ಮದುವೆ ಮಾಡಿದ ಮೇಲೆ ಮುದುಕನಿಗೆ ಶೋಕಿ ಹತ್ತಿದೆ, ಸೆಂಟು ಹಾಕಿಕೊಂಡು ಕೆಲಸಕ್ಕೆ ಹೋಗುತ್ತಾನೆ ಎಂದು ಆಡಿಕೊಂಡರು. ಅತ್ತರಿನ ಚಿಕ್ಕಪ್ಪನೂ ನಕ್ಕ. ಅವ್ವ ಒಂದು ದಿನ ತಡೆಯಲಾರದೆ ಕೇಳಿದಳು. ‘ಅಳಿಯನ ತಲೆಯಿಂದ ಬಂತು ಅಂತ ಒಂದ್ ಮಾತು ಹೇಳಿದ್ರೆ ನಿಮ್ ಗಂಟೇನ್ ಹೋಗ್ತಿತ್ತು?’

‘ಹೇಳಿದ್ರೆ ಅದು ನಾಳೆನೇ ಅವರ ಹಟ್ಟಿಗೆ ಹೋಗುತ್ತೆ. ಅಳಿಯ ತಲೆ ಬಾಗ್ಸಿದ್ದಕ್ಕೆ ಮಾವನ ಕೆಲ್ಸ ಕೆಡ್ತು ಅಂತಾರೆ. ಆಮೇಲೆ ಅವಳನ್ನ ಇಲ್ಲಿಗೆ ಕಳಿಸ್ತಾರಾ? ಬಿಡು, ಅವಳು ಅಲ್ಲಿ ಬಾಳ್ಲಿ’ ಎಂದ ಅಪ್ಪ. ಆ ವಿಷಯ ನಮ್ಮ ಮನೆಯಲ್ಲಿ ಅಲ್ಲಿಗೆ ಮುಗಿಯಿತು.

ಈಗ ಅಪ್ಪನಿಗೂ ಒಂದು ವಾಸನೆ ಬಂತು. ನೀಲಗಿರಿ ಮರದ ಸೌದೆಯ ಹೊಗೆ. ಮೈ ತೊಳೆದರೂ, ಬಟ್ಟೆ ಒಗೆದರೂ ಹೋಗದ ಹೊಗೆ. ಅದರ ಜೊತೆಗೇ ಕೆಮ್ಮೂ ಬಂತು. ಬಾವ ಮುಂದಿನ ಸಲ ಬಂದಾಗ ಎಲ್ಲರೂ ರಾಗಿ ಹಿಟ್ಟಿನ ಮುದ್ದೆ, ಅವರೆ ಉದಕದ ಸಾರು ಉಣ್ಣಲು ಕೂತೆವು. ಬಾವ ಮೂಗಿನ ಹತ್ತಿರ ಕರವಸ್ತ್ರ ಹಿಡಿದು ತನ್ನ ತಟ್ಟೆಯನ್ನು ಬಾಗಿಲ ಕಡೆಗೆ ಸರಿಸಿಕೊಂಡ. ಊಟವಾದ ಮೇಲೆ ಚೀಲಕ್ಕೆ ಕೈ ಹಾಕಿ ಒಂದು ಹೊಸ ನೀಲಿ ಬಾಟಲಿ ತೆಗೆದು ಅಪ್ಪನ ಮುಂದೆ ಇಟ್ಟ.

‘ಮಾವ, ಇದನ್ನ ಹಚ್ಚಿಕೊಳ್ಳಿ. ಹೀಗೆ ಹೊಗೆ ನಾತ ಹೊಡ್ಕೊಂಡು ನಾಲ್ಕು ಜನರ ಮಧ್ಯೆ ಹೋದ್ರೆ ಚೆನ್ನಾಗಿರಲ್ಲ. ಗಂಡಸು ಅಂದ್ಮೇಲೆ ಒಂದು ಒಳ್ಳೆ ವಾಸನೆ ಇರ್ಬೇಕು’ ಎಂದ.

ಅವನಿಗೆ ಏನೂ ಗೊತ್ತಿರಲಿಲ್ಲ. ಪ್ರೀತಿಯಿಂದಲೇ ತಂದಿದ್ದ. ಅದೇ ನನ್ನ ಹೊಟ್ಟೆ ಉರಿಸುವುದು, ಇವತ್ತಿಗೂ. ಕೆಟ್ಟವನಾಗಿದ್ದರೆ ನಾಲ್ಕು ಮಾತು ಬೈದು ಹಗುರಾಗಬಹುದಿತ್ತು. ನಾನು ಬಾಯಿ ತೆರೆದೆ. ಅಪ್ಪ ನನ್ನ ಕಡೆ ಒಂದು ಸಲ ನೋಡಿದ, ನಾನು ಬಾಯಿ ಮುಚ್ಚಿದೆ. ಅವನು ಬಾಟಲಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಮುಚ್ಚಳ ಬಿಚ್ಚಿ, ಅಳಿಯನ ಎದುರಿಗೇ ಕೆನ್ನೆಗೆ ಹಚ್ಚಿಕೊಂಡ. ‘ಚೆನ್ನಾಗಿದೆ’ ಎಂದ. ಬಾವ ಬರುವ ದಿನಗಳಲ್ಲೆಲ್ಲ ತಪ್ಪದೆ ಹಚ್ಚಿಕೊಳ್ಳುತ್ತಿದ್ದ. ಬಾಟಲಿ ಮುಗಿದರೆ ಬಾವ ಇನ್ನೊಂದು ತರುತ್ತಿದ್ದ.

ಅಕ್ಕ ಆ ಮನೆಯಲ್ಲಿ ಚೆನ್ನಾಗಿಯೇ ಬಾಳಿದಳು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಬಾವ ಒಳ್ಳೆಯ ಗಂಡ ಎಂದು ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತೇನೆ, ಹಲ್ಲು ಕಚ್ಚಿಕೊಂಡು.

ಈಗ ನಿಮ್ಮ ಬಚ್ಚಲುಮನೆಯ ಗೂಡು ನೋಡಿದರೆ ನನಗೆ ತಲೆ ತಿರುಗುತ್ತದೆ. ಗಡ್ಡ ಬೋಳಿಸಿದ ಮೇಲೆ ಒಂದು, ಕಂಕುಳಿಗೆ ಒಂದು, ಕಾಲೇಜಿಗೆ ಒಂದು, ಮದುವೆ ಮನೆಗೆ ಇನ್ನೊಂದು. ಒಬ್ಬನಿಗೆ ಮರದ ವಾಸನೆಯೇ ಆಗಬೇಕು, ಇನ್ನೊಬ್ಬನಿಗೆ ಸಮುದ್ರದ್ದು. ಸಮುದ್ರಕ್ಕೆ ಎಂಥ ವಾಸನೆಯೋ, ಈ ಬೆಟ್ಟದ ಮೇಲೆ ಹುಟ್ಟಿದ ನಿಮಗೇ ಗೊತ್ತು. ಮೊನ್ನೆ ಊಟಿಯ ಅಂಗಡಿಯಲ್ಲಿ ನನ್ನನ್ನು ಒಂದು ಗಂಟೆ ಕುರ್ಚಿಯಲ್ಲಿ ಕೂರಿಸಿ, ಒಂದೊಂದನ್ನೇ ಮಣಿಕಟ್ಟಿಗೆ ಹಚ್ಚಿ ಮೂಸಿ ನೋಡಿದಿರಿ. ಅಂಗಡಿಯವನು ಎಷ್ಟು ಹೊಗಳಿದರೂ ‘ಇದು ನನಗಿಷ್ಟವಿಲ್ಲ, ಬೇರೆ ತೋರಿಸಿ’ ಎಂದು ಮುಖದ ಮೇಲೇ ಹೇಳುತ್ತಿದ್ದಿರಿ. ಅವನಿಗೂ ಬೇಸರವಾಗಲಿಲ್ಲ, ನಿಮಗೂ ಏನೂ ಅನ್ನಿಸಲಿಲ್ಲ.

ಎಷ್ಟು ಸುಲಭವಾಗಿ ಹೇಳುತ್ತೀರಿ ನೀವು ಆ ಮಾತನ್ನು. ನಮ್ಮ ಅಪ್ಪ ಸಾಯುವವರೆಗೂ ಅದನ್ನು ಒಮ್ಮೆಯೂ ಹೇಳಲಿಲ್ಲ. ಅವನ ಹೆಣಕ್ಕೂ ಬಾವ ತನ್ನ ಕೈಯಾರೆ ಅದೇ ಸೆಂಟು ಹಚ್ಚಿದ, ಮಾವನಿಗೆ ಇದೆಂದರೆ ಪ್ರಾಣ ಎಂದು ಅಳುತ್ತಾ.