ಹೊತ್ತು ಮುಳುಗಿದ ಮೇಲಿನ ಹಾಡು

ಸಂಜೆ ಐದೂವರೆಗೆ, ವೇದಿಕೆಯ ಹಿಂದೆ, ಆಳೆತ್ತರದ ಸ್ಪೀಕರ್ ಪೆಟ್ಟಿಗೆಗೆ ಒರಗಿ ಕೂತು, ಸ್ಟೀಲ್ ಕ್ಯಾರಿಯರ್ ಬಿಚ್ಚಿ ಚಪಾತಿ, ಹೀರೇಕಾಯಿ ಪಲ್ಯ ಉಣ್ಣುವ ರಾಕ್ ಗಾಯಕಿಯನ್ನು ನೀವು ನೋಡಿರಲಾರಿರಿ. ನಾನು ನೋಡಿದ್ದೇನೆ. ಪಲ್ಯಕ್ಕೆ ಈರುಳ್ಳಿ ಇಲ್ಲ, ಬೆಳ್ಳುಳ್ಳಿಯೂ ಇಲ್ಲ. ಡ್ರಮ್ಮಿನವನು ಆಕಾಶ ನೋಡಿ, "ಅಕ್ಕಾ, ಸೂರ್ಯ ಇನ್ನೂ ಡ್ಯೂಟಿ ಮೇಲವ್ನೆ, ನಿಧಾನಕ್ಕೆ ಉಣ್ಣಿ" ಎಂದು ಕೀಟಲೆ ಮಾಡುತ್ತಾನೆ. ಅವಳು ತಲೆಯೆತ್ತದೆ ಇನ್ನೊಂದು ಚಪಾತಿ ಮುರಿಯುತ್ತಾಳೆ.

ಅವಳು ನನ್ನ ದೊಡ್ಡಪ್ಪನ ಮಗಳು ಸುಪ್ರಭಾ, ನನಗೆ ಪ್ರಭಕ್ಕ. ನಮ್ಮದು ಶ್ರವಣಬೆಳಗೊಳದ ಜೈನ ಮನೆತನ. ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಯಾರೂ ಉಣ್ಣುವುದಿಲ್ಲ. ದೀಪಕ್ಕೆ ಬಂದು ಬೀಳುವ ಹುಳುಹುಪ್ಪಟೆಯ ಜೀವ ನಮ್ಮ ತುತ್ತಿಗಿಂತ ದೊಡ್ಡದೆಂದು ನಂಬಿ ಬೆಳೆದವರು ನಾವು. ರಾಕ್ ಸಂಗೀತವೋ, ಲೋಕದಲ್ಲೆಲ್ಲ ಹೊತ್ತು ಮುಳುಗಿದ ಮೇಲೆಯೇ ಕಣ್ಣು ಬಿಡುವಂಥದ್ದು. ಪ್ರಭಕ್ಕನ ಬಾಳು ಈ ಎರಡರ ನಡುವಿನ ಇಕ್ಕಟ್ಟಿನಲ್ಲೇ ಬೆಳೆಯಿತೆಂದು ನನಗೆ ಈಗೀಗ ಅನ್ನಿಸುತ್ತದೆ.

ಬಸದಿಯಲ್ಲಿ ಭಜನೆ ಹಾಡಿ ಹದಗೊಂಡ ಗಂಟಲು ಅದು. ಹಾಸನದ ಕಾಲೇಜು ಸೇರಿದ ಮೇಲೆ ಅವಳ ಹೆಗಲಿಗೆ ಗಿಟಾರ್ ಬಂತು, ಜೊತೆಗೆ ಮೂವರು ಹುಡುಗರ ತಂಡವೂ ಬಂತು. ಹೊಳೆನರಸೀಪುರದ ಗಣಪತಿ ಪೆಂಡಾಲಿನಲ್ಲಿ "ಸಿನಿಮಾದ್ದು ಆಡಮ್ಮೋ!" ಎಂದು ಜನ ಕೂಗಿದರೂ ತಾನು ಬರೆದದ್ದನ್ನೇ ಹಾಡಿ ಮುಗಿಸಿ ಇಳಿದುಬಂದಳು. ಅರಕಲಗೂಡಿನ ಕಾಲೇಜೊಂದರಲ್ಲಿ ಕರೆಂಟು ಹೋಗಿ ಗಿಟಾರ್ ಮೂಕವಾದಾಗ ಮೈಕಿಲ್ಲದೆಯೇ ಮುಂದುವರಿಸಿದಳು. ಹಿಂದಿನ ಬೆಂಚಿನವರು ಒಬ್ಬೊಬ್ಬರಾಗಿ ಮುಂದೆ ಬಂದು ನೆಲದ ಮೇಲೆ ಕೂತರಂತೆ. ಗಾಯಕಿಯಾದದ್ದು ಆವತ್ತೇ ಎಂದು ಅವಳು ಹೇಳುತ್ತಾಳೆ. ಆಮೇಲೆ ಮೈಸೂರು, ಬೆಂಗಳೂರು, ಅಲ್ಲಿಂದ ಜನರ ಮೊಬೈಲುಗಳು.

ಯಾತ್ರಿಕರಿಗೆ ಹಿತ್ತಾಳೆಯ ಪೂಜಾ ಸಾಮಾನು ಮಾರುವ ದೊಡ್ಡಪ್ಪ ಮಗಳಿಗೆ ಅಡ್ಡಿ ಮಾಡಿದವರಲ್ಲ. "ಆಲ್ಟರ್ನೇಟಿವ್ ರಾಕ್ ಅಂದ್ರೆ ಬದ್ಲಿ ಅಂತ ತಾನೆ? ಯಾವುದ್ರ ಬದ್ಲಿ ಅಂತ ಒಸಿ ಹೇಳವ್ವ" ಎಂದು ಅವಳ ಕಾರ್ಯಕ್ರಮದ ಪೋಸ್ಟರು ಓದಿ ಒಮ್ಮೆ ಕೇಳಿದ್ದರು.

ದೊಡ್ಡಮ್ಮ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅಪ್ಪ ಮಗಳು ಇಬ್ಬರೇ, ಅಡುಗೆ ದೊಡ್ಡಪ್ಪನದು. ಕಾಲೇಜಿನ ಕೊನೆಯ ವರ್ಷ ಒಂದು ಸಂಜೆ, ಹಾಸನದಲ್ಲಿ ಅಭ್ಯಾಸ ತಡವಾಗಿ, ಚನ್ನರಾಯಪಟ್ಟಣದಲ್ಲಿ ಬಸ್ಸೂ ತಪ್ಪಿ, ಪ್ರಭಕ್ಕ ಮನೆ ಸೇರುವಾಗ ಕತ್ತಲಾಗಿತ್ತು. ಕಂಡದ್ದು ಆರಿದ ಒಲೆ, ತೊಳೆದು ಕವುಚಿಟ್ಟ ಪಾತ್ರೆ, ಗೋಡೆಯತ್ತ ತಿರುಗಿ ಮಲಗಿದ ಅಪ್ಪ. ಒಂದು ಮಾತೂ ಇಲ್ಲ. ಆ ಸಂಜೆಯೇ ಮುಂದೆ ಅವಳ ಹೆಸರಾಂತ ಹಾಡಾಯಿತು. 'ಒಲೆ ಆರಿದೆ, ಅಪ್ಪ ತಿರುಗಿದ್ದಾನೆ, ನನ್ನ ತಟ್ಟೆ ಬರಿದು' ಎಂಬ ಸಾಲು ಬಂದಾಗ ಇಡೀ ಸಭೆ ಅವಳ ಬಾಯಿಂದ ಅದನ್ನು ಕಿತ್ತುಕೊಂಡು ತಾನೇ ಹಾಡುತ್ತದೆ.

ಹಾಡು ಊರಿಗೂ ಬಂತು. "ಏನ್ ಧರಣೇಂದ್ರಣ್ಣ, ಮಗೀಗೆ ಇಟ್ಟೇ ಇಕ್ನಿಲ್ವಂತೆ!" ಎಂದು ಪಕ್ಕದಂಗಡಿಯವರು ನಕ್ಕರು. ದೊಡ್ಡಪ್ಪನೂ ನಕ್ಕರು, ಆಗಲೇ ಹೊಳೆಯುತ್ತಿದ್ದ ಆರತಿ ತಟ್ಟೆಯೊಂದನ್ನು ಮತ್ತೆ ಒರೆಸತೊಡಗಿದರು.

ಭಾದ್ರಪದದ ದಶಲಕ್ಷಣ ಪರ್ವ ಮುಗಿದ ಮೇಲೆ ನಮ್ಮಲ್ಲಿ ಕ್ಷಮಾವಾಣಿಯ ದಿನ ಬರುತ್ತದೆ. ಹಿರಿಯರು ಕಿರಿಯರೆನ್ನದೆ, ವರ್ಷದಲ್ಲಿ ತಿಳಿದೋ ತಿಳಿಯದೆಯೋ ನೋಯಿಸಿದ್ದಕ್ಕೆ ಒಬ್ಬರನ್ನೊಬ್ಬರು ಕ್ಷಮೆ ಕೇಳುವ ದಿನ. ಆ ಹಾಡು ಹೊರಬಂದಾಗಿನಿಂದ ಪ್ರಭಕ್ಕ ಆ ದಿನಕ್ಕೆ ಮಾತ್ರ ಊರಿಗೆ ಬರುತ್ತಿರಲಿಲ್ಲ. "ಮುಂದಿನ ವಾರ ಮತ್ತೆ ಮಾಡೋ ತಪ್ಪಿಗೆ ಈ ವಾರ ಕ್ಷಮೆ ಕೇಳೋದು ಸುಳ್ಳಲ್ವೇನೇ?" ಎಂದು ಫೋನಿನಲ್ಲಿ ನನ್ನನ್ನು ಕೇಳಿದ್ದಳು. ಕ್ಷಮೆ ಕೇಳಿದರೆ ಹಾಡನ್ನು ಬಿಡಬೇಕು. ಹಾಡನ್ನು ಬಿಟ್ಟರೆ, ತನ್ನ ಬಾಯಿಂದ ಬಂದ ಒಂದೇ ಒಂದು ಪೂರ್ತಿ ನಿಜವನ್ನು ಬಿಟ್ಟ ಹಾಗೆ ಎಂಬುದು ಅವಳ ಸಂಕಟ. ಸ್ವಂತ ಹಾಡು ಕಟ್ಟುವವರ ಪಾಡೇ ಹಾಗಿರಬೇಕು. ಕತೆಗಾರರು ಹೆಸರು ಬದಲಿಸಿ ಪಾರಾಗುತ್ತಾರೆ. 'ಅಪ್ಪ' ಎಂಬುದನ್ನು ಯಾವ ಹೆಸರಿಗೆ ಬದಲಿಸುವುದು ಹೇಳಿ!

ಈ ವರ್ಷ ಮಾತ್ರ ಬಂದಳು. ಅಂದು ದೊಡ್ಡಪ್ಪನ ಕ್ಷಮೆ ಕೇಳಲು ಹೋಗಿದ್ದ ನಾನು ನಡುಮನೆಯಲ್ಲೇ ಇದ್ದೆ. ಅವಳು ಕೈಮುಗಿಯದೆ ಕಂಬಕ್ಕೊರಗಿ ನಿಂತು, "ಅಪ್ಪಾ, ಬರೋ ಶನಿವಾರ ಹಾಸನದಲ್ಲಿ ಅದೇ ಹಾಡು ಹಾಡ್ತೀನಿ. ಅದ್ಕೇ ಕ್ಷಮೆ ಕೇಳೋಕೆ ಬಾಯಿ ಬರ್ತಿಲ್ಲ" ಎಂದಳು.

"ಕೇಳ್ಬ್ಯಾಡ ಬುಡು. ನಾನೇ ಕೇಳ್ತೀನಿ," ಎಂದು ದೊಡ್ಡಪ್ಪ ಕೈಮುಗಿದೇಬಿಟ್ಟರು. "ಆವತ್ತು ಮಾತಾಡ್ದೆ ಮನಿಕೊಂಡಿದ್ದು ತಪ್ಪು ಕಣವ್ವ. ಆದ್ರೆ ಆಡಲ್ಲಿ ನಿಂದೊಂದೇ ತಟ್ಟೆ ಬರಿದು ಅಂತೀಯಲ್ಲ, ನಾನೇನು ಉಂಡಿದ್ನಾ?"

ಅವಳು ಕಂಬ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು.

"ಒಂದೊಂದು ಬಸ್ಸಿನ ಸದ್ದಾದಾಗ್ಲೂ ಈಗ ಬತ್ತಾಳೆ, ಈಗ ಬತ್ತಾಳೆ ಅಂತ ಕೂತಿದ್ದೆ. ಒತ್ತು ಮುಳುಗೇ ಓಯ್ತು. ಮಾಡಿದ್ದನ್ನೆಲ್ಲ ಕೊಟ್ಟಿಗೇಲಿದ್ದ ಅಸುಗೆ ಆಕ್ಬುಟ್ಟು ಮನಿಕೊಂಡೆ. ಅಸಿದೋನು ಏನ್ ಮಾತಾಡಾನು?"

"ಇಷ್ಟು ದಿನ ಯಾಕಪ್ಪಾ ಹೇಳ್ಲಿಲ್ಲ?"

"ನೀನೆಲ್ಲಿ ಕೇಳ್ದೆ? ಆಡೇ ಕಟ್ಬುಟ್ಟೆ!"

ಪ್ರಭಕ್ಕ ನಕ್ಕಳು, ನಗುತ್ತಲೇ ಕಂಬದ ಮರೆಗೆ ಸರಿದಳು. ಆಮೇಲಿನದನ್ನು ನಾನು ನೋಡಲಿಲ್ಲ. ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದೆ. ನಿಜ ಹೇಳುವವರೆಲ್ಲ ತಾವಿದ್ದ ಜಾಗದಿಂದ ಕಂಡಷ್ಟನ್ನೇ ತಾನೆ ಹೇಳುವುದು? ಆ ಸಂಜೆಯ ಇನ್ನರ್ಧ ಗೋಡೆಯ ಕಡೆಗೆ ತಿರುಗಿ ಮಲಗಿತ್ತು.

ಶನಿವಾರ ದೊಡ್ಡಪ್ಪ ಬೇಗನೆ ಅಂಗಡಿ ಮುಚ್ಚಿ, ಊಟ ಮುಗಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ನನ್ನೊಡನೆ ಹಾಸನಕ್ಕೆ ಬಂದರು. ಮಗಳ ಕಾರ್ಯಕ್ರಮಕ್ಕೆ ಅವರು ಬಂದದ್ದು ಅದೇ ಮೊದಲು. ಡ್ರಮ್ಮಿನ ಏಟಿಗೆ ಆರಂಭದಲ್ಲಿ ಬೆಚ್ಚಿದರು, ಆಮೇಲೆ ಹೊಂದಿಕೊಂಡರು. ಕಡೆಯಲ್ಲಿ ಆ ಹಾಡು ಬಂತು. 'ನನ್ನ ತಟ್ಟೆ ಬರಿದು' ಎಂದು ಸಭೆಯೆಲ್ಲ ಎದ್ದು ನಿಂತು ಹಾಡಿತು. ನಾನು ದೊಡ್ಡಪ್ಪನ ಮುಖ ನೋಡುವ ಧೈರ್ಯ ಮಾಡಲಿಲ್ಲ. ಯಾವಾಗಲೂ ಹಾಡು ಮುಗಿಯುವುದು ಅಲ್ಲಿಗೆ. ಈ ಸಲ ಪ್ರಭಕ್ಕ ನಿಲ್ಲಿಸಲಿಲ್ಲ. ಗಿಟಾರ್ ತಗ್ಗಿಸಿ, 'ತಿರುಗಿ ಮಲಗಿದವನ ತಟ್ಟೆಯೂ ಬರಿದು' ಎಂದು ಹಾಡಿದಳು. ಗೊತ್ತಿಲ್ಲದ ಸಾಲು, ಜೊತೆಗೆ ಹಾಡುವವರಿಲ್ಲ. ಅಷ್ಟು ದೊಡ್ಡ ಸಭೆಯಲ್ಲಿ ಆ ಒಂದು ಸಾಲನ್ನು ಅವಳೊಬ್ಬಳೇ ಹಾಡಿದಳು. ಎರಡನೆಯ ಸಲಕ್ಕೆ ನಾಲ್ಕಾರು ದನಿ ಸೇರಿದವು, ಮೂರನೆಯ ಸಲಕ್ಕೆ ಎಲ್ಲರೂ.

ದೊಡ್ಡಪ್ಪ ಆ ಹುಡುಗ ಹುಡುಗಿಯರನ್ನು ಬಹಳ ಹೊತ್ತು ನೋಡಿದರು. ಮತ್ತೆ ನನ್ನ ಕಿವಿಯ ಹತ್ತಿರ ಬಾಗಿ, ಗದ್ದಲದ ನಡುವೆ ಕೇಳಿದರು:

"ಪಾಪ, ಈ ಮಕ್ಳೆಲ್ಲ ಉಂಡ್ಕೊಂಡು ಬಂದವೇನವ್ವ?"