ಅಮ್ಮಣಿ ಮಾಡಿಸಿದ ನಾಯಿಯ ಹೆರಿಗೆ

ಹೆಮ್ಮಾಡಿಯ ದಾರಿಯಲ್ಲಿ ಅಮ್ಮಣಿ ನಡೆದು ಬರುತ್ತಿದ್ದರೆ ಎದುರಿನಿಂದ ಬರುವ ಗಂಡಸರು ಬದಿಗೆ ಸರಿದು ನಿಲ್ಲುತ್ತಿದ್ದರು. ಹಾಗಂತ ಅವಳೇನು ಗದ್ದೆ ತೋಟ ಇದ್ದ ಒಡತಿಯಲ್ಲ. ಗಂಗೊಳ್ಳಿಯ ಕಡವಿನಲ್ಲಿ ದೋಣಿ ದಾಟಿಸುತ್ತಿದ್ದ ಗಂಡ ತೀರಿಕೊಂಡು ಹದಿನೈದು ವರ್ಷವಾಗಿತ್ತು. ಇದ್ದದ್ದು ಸೋಗೆ ಹೊದೆಸಿದ ಒಂದು ಮನೆ, ಅಂಗಳದಲ್ಲಿ ಎರಡು ತೆಂಗಿನ ಮರ. ಆದರೆ ಆ ಊರಿನ ಮೂವತ್ತೈದರ ಒಳಗಿನ ಯಾರನ್ನೇ ಹಿಡಿದು ಕೇಳಿ, ಅವರು ಈ ಲೋಕಕ್ಕೆ ಬಂದು ಬಿದ್ದಾಗ ಮೊದಲು ಹಿಡಿದದ್ದು ಅಮ್ಮಣಿಯ ಕೈ. ಮೀಸೆ ತಿರುವಿ ದೊಡ್ಡ ಮಾತಾಡುವವನಿಗೆ ಅವಳು ನಾಲ್ಕು ಜನರೆದುರೇ, “ಹ್ವಾಯ್, ನೀನ್ ಹುಟ್ಟುವತಿಗೆ ಕಾಲ್ ಮುಂದ್ ಮಾಡ್ಕಂಡ್ ಬಂದವ. ಈಗ್ಳೂ ಹಾಂಗೇ ಇದ್ದೆ” ಎಂದುಬಿಡುತ್ತಿದ್ದಳು. ಆ ಭಯಕ್ಕೇ ದಾರಿ ಬಿಡುತ್ತಿದ್ದರು ಎಂದರೂ ತಪ್ಪಲ್ಲ.

ಅವಳಿಗೆ ಜಂಬ ಇತ್ತು. ಇರಬೇಕಾದದ್ದೇ. ಅಷ್ಟು ವರ್ಷಗಳಲ್ಲಿ ಅವಳ ಕೈಯಲ್ಲಿ ಒಬ್ಬ ಬಾಣಂತಿಯೂ ಸತ್ತಿರಲಿಲ್ಲ. ಆ ಕೈಗಳನ್ನು ಅವಳು ನೋಡಿಕೊಳ್ಳುತ್ತಿದ್ದ ರೀತಿಯೇ ಬೇರೆ. ಅಂಗೈ ಸಣ್ಣದು, ಬೆರಳು ನೀಳ. ಯಾರದಾದರೂ ದಿನ ಹತ್ತಿರ ಬಂತು ಎಂದಾದರೆ ಮೆಣಸು ಮುಟ್ಟುತ್ತಿರಲಿಲ್ಲ, ಅರೆಯುವ ಕಲ್ಲಿಗೆ ಕೈ ಹಾಕುತ್ತಿರಲಿಲ್ಲ. ಪಕ್ಕದ ಮನೆಯವರು ಮಸಾಲೆ ಅರೆದು ತಂದು ಕೊಡುತ್ತಿದ್ದರು. ಕೊಡಲೇಬೇಕು, ನಾಳೆ ಅವರ ಮನೆಯಲ್ಲೂ ಹೆರಿಗೆ ಇದೆಯಲ್ಲ.

ಯುದ್ಧದ ಕಾಲ ಅದು, ಸಾವಿರದ ಒಂಬೈನೂರ ನಲವತ್ತನಾಲ್ಕು. ಅಕ್ಕಿಗೆ ರೇಷನ್ ಬಂದಿತ್ತು. ಬೊಂಬಾಯಿಯಲ್ಲಿ ಪಾರ್ಸಿಯವರ ಮನೆಯಲ್ಲಿ ಅಡುಗೆ ಮಾಡಿಕೊಂಡಿದ್ದ ಭೋಜರಾಜ, ಎರಡು ವರ್ಷದ ಹಿಂದೆ ಬಾಂಬು ಬೀಳುತ್ತದೆಂದು ಧಣಿಗಳು ಊರು ಬಿಟ್ಟ ಮೇಲೆ, ತಾನೂ ಗಂಟು ಕಟ್ಟಿಕೊಂಡು ಹೆಮ್ಮಾಡಿಗೆ ಬಂದಿಳಿದಿದ್ದ. ಇದ್ದಿಲಿನ ಗ್ಯಾಸಿನಲ್ಲಿ ಓಡುವ ಬಸ್ಸಿನಿಂದ ಅವನು ಇಳಿದಾಗ ಒಂದು ಕೈಯಲ್ಲಿ ಟ್ರಂಕು, ಇನ್ನೊಂದರಲ್ಲಿ ಬೆಳ್ಳಗಿನ ಒಂದು ನಾಯಿ. ಹೆಸರು ರೂಬಿ. ಮೈತುಂಬ ಹತ್ತಿಯಂಥ ಕೂದಲು, ಕೂತರೆ ಮಣೆ ತುಂಬದು. ಪಾರ್ಸಿ ಅಮ್ಮ ಬಿಟ್ಟು ಹೋದದ್ದು. ಊರಿನವರು ಒಂದು ವಾರ ಅದನ್ನು ನೋಡಲು ಬಂದರು, ಭೋಜರಾಜ ಒಂದು ವಾರ ಅದನ್ನು ತೋರಿಸಿದ.

ಆದರೆ ರೂಬಿಯ ಕೂಗು ಅಂಗಳ ದಾಟುತ್ತಿರಲಿಲ್ಲ. ತಿನ್ನಲಿಕ್ಕಿಲ್ಲದ ಕಾಲದಲ್ಲಿ ತೆಂಗಿನಕಾಯಿ ಕಳ್ಳರು ಹೆಚ್ಚಿದ್ದರು. ದೊಡ್ಡ ನಾಯಿ ಸಾಕೋಣವೆಂದರೆ ರೇಷನ್ ಚೀಟಿಯಲ್ಲಿ ನಾಯಿಯ ಹೆಸರು ಬರೆಯುವುದಿಲ್ಲ. ಭೋಜರಾಜ ಯೋಚಿಸಿ ಯೋಚಿಸಿ ಒಂದು ಉಪಾಯ ತೆಗೆದ. ಹಾಲಾಡಿಯಲ್ಲಿ ಅವನ ಹೆಂಡತಿ ಚಂದ್ರಮತಿಯ ತವರುಮನೆ, ಅಲ್ಲಿ ಹಂದಿ ಬೇಟೆಗೆ ಹೋಗುವ ಒಂದು ಕರಿನಾಯಿ. ಕರು ಗಾತ್ರದ್ದು. ಅದನ್ನು ಕರೆತಂದು ರೂಬಿಯ ಜೊತೆ ಬಿಟ್ಟರೆ ಹುಟ್ಟುವ ಬೆರಕೆ ಮರಿ ಹೇಗಿರಬೇಡ!

“ತಿಂಬುದ್ ಇದ್ರಷ್ಟ್, ಕೂಗುದ್ ಅದ್ರಷ್ಟ್” ಎಂದು ಅವನು ಕಟ್ಟೆಯ ಮೇಲೆ ಕುಳಿತು ಎಲ್ಲರಿಗೂ ಲೆಕ್ಕ ಒಪ್ಪಿಸಿದ.

ದಾರಿಯಲ್ಲಿ ಹೋಗುತ್ತಿದ್ದ ಅಮ್ಮಣಿ ನಿಂತಳು. “ತಿಂಬುದ್ ಅದ್ರಷ್ಟ್, ಕೂಗುದ್ ಇದ್ರಷ್ಟ್ ಆರೆ ಎಂತ ಮಾಡ್ತೆ ಭೋಜ?”

ಕಟ್ಟೆ ನಕ್ಕಿತು. ಅಮ್ಮಣಿ ನಗಲಿಲ್ಲ. ಬಗ್ಗಿ ರೂಬಿಯ ಸೊಂಟವನ್ನು ಬೆರಳುಗಳಲ್ಲಿ ಅಳೆದಳು. ಆಮೇಲೆ ಎದ್ದು ನಿಂತು, “ಬ್ಯಾಡ ಮಾರಾಯ. ಇದ್ರ ಸೊಂಟ ಕಾಣ್, ಮೂರ್ ಬೆರ್ಳ್ ಅಗ್ಲ ಇಲ್ಲೆ. ಆಸಿ ನಿಂದ್, ಹೊಟ್ಟಿ ಅದ್ರದ್ದ್” ಎಂದಳು.

“ಮನ್ಷ್ಯರ ಲೆಕ್ಕ ನಾಯಿಗ್ ಹಿಡಿತಿಲ್ಲೆ ಅಮ್ಮಣಕ್ಕ” ಎಂದ ಭೋಜರಾಜ. ಬೊಂಬಾಯಿ ಕಂಡವನಿಗೆ ಹೆಮ್ಮಾಡಿಯ ಸೂಲಗಿತ್ತಿ ಬುದ್ಧಿ ಹೇಳುವುದೇ? ಅದರ ಮರುವಾರವೇ ಹಾಲಾಡಿಯ ಕರಿನಾಯಿ ಬಂತು, ಎರಡು ದಿನ ಇದ್ದು ಹೊಟ್ಟೆ ತುಂಬ ಉಂಡು ಹೋಯಿತು.

ಎರಡು ತಿಂಗಳು ಕಳೆಯುವ ಹೊತ್ತಿಗೆ ಊರಿನಲ್ಲಿ ಎರಡು ಬಸುರಿಗಳ ಸುದ್ದಿ. ಒಂದು ರೂಬಿ. ಇನ್ನೊಂದು ದೊಡ್ಡಮನೆಯ ಅಣ್ಣಯ್ಯನವರ ಮಗಳು ಗುಣವತಿ, ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು. ಗುಣವತಿ ಗುಬ್ಬಿಯಷ್ಟು ಹುಡುಗಿ. ಅವಳ ಗಂಡನೋ ಬಾಗಿಲಿಗೆ ತಲೆ ಬಗ್ಗಿಸದೆ ಒಳಗೆ ಬರಲಾಗದ ಆಳು. ಊರಿನ ಹೆಂಗಸರು ಬಾಯಿಗೆ ಸೆರಗು ಹಿಡಿದು ಏನೇನೋ ಹೇಳಿಕೊಂಡು ನಗುತ್ತಿದ್ದರು. ಆ ನಗು ಗುಣವತಿಯ ಕಿವಿಗೂ ಬಿದ್ದಿತ್ತು. ಅವಳು ಹೆದರಿ ಅನ್ನ ಬಿಟ್ಟಿದ್ದಳು.

ಗುಣವತಿಯನ್ನು ಹತ್ತೊಂಬತ್ತು ವರ್ಷದ ಹಿಂದೆ ಹಿಡಿದು ಎತ್ತಿದವಳೂ ಅಮ್ಮಣಿಯೇ. ದೊಡ್ಡಮನೆಯ ಹೆರಿಗೆ ಎಂದರೆ ಸೂಲಗಿತ್ತಿಗೆ ಅದಕ್ಕಿಂತ ದೊಡ್ಡ ಮಾನ ಆ ಊರಿನಲ್ಲಿ ಬೇರೆ ಇರಲಿಲ್ಲ. ಅವರು ಕರೆದವಳನ್ನು ಎಲ್ಲರೂ ಕರೆಯುತ್ತಿದ್ದರು, ಅವರು ಬಿಟ್ಟವಳನ್ನು ಎಲ್ಲರೂ ಬಿಡುತ್ತಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ ಅಣ್ಣಯ್ಯನವರ ಹೆಂಡತಿ ಸುಂದರಮ್ಮ ತಾವೇ ಅಮ್ಮಣಿಯ ಅಂಗಳಕ್ಕೆ ಬಂದರು. ಮಗಳ ಕಾಲು ಊದಿದೆ, ಇನ್ನು ಎಂಟು ದಿನವಿದೆ, ಏನು ಮಾಡಲಿ ಎಂದು ಕೇಳುತ್ತಿರುವಾಗಲೇ ಚಂದ್ರಮತಿ ಏದುಸಿರು ಬಿಡುತ್ತ ಓಡಿ ಬಂದಳು.

“ಅಮ್ಮಣಕ್ಕಾ, ರೂಬಿ ಬೆಳಗಾಪತಿಗೆ ಶುರು ಮಾಡಿದ್ದ್. ನೀರ್ ಹೋಯಿ ಎಷ್ಟ್ ಹೊತ್ತಾಯ್ತ್, ಮರಿ ಬತ್ತಿಲ್ಲೆ. ಇವ್ರ್ ಗ್ವಾಡಿಗೆ ಮುಖ ಮಾಡ್ಕಂಡ್ ಕೂಕಂಡಿದ್ರ್. ಒಂದ್ ಸಲ ಬನ್ನಿ, ನಿಮ್ ಕಾಲ್ ಹಿಡಿತೆ.”

ಸುಂದರಮ್ಮನ ಮುಖ ಗಂಟಿಕ್ಕಿತು. “ಎಂತ? ನಾಯಿ ಬಾಣಂತನ ಮಾಡೂಕೆ ಅಮ್ಮಣಿ ಹೋಯ್ಕಾ?” ಎಂದು ಚಂದ್ರಮತಿಯನ್ನು ಗದರಿ, ಅಮ್ಮಣಿಯ ಕಡೆ ತಿರುಗಿದರು. “ಕಾಣ್ ಅಮ್ಮಣಿ, ನೀನ್ ಅಲ್ಲಿಗ್ ಹೋರೆ ನಮ್ಮನಿ ಹೆಣ್ಣಿನ್ ಮುಟ್ಟೂಕೆ ನಾನ್ ಬಿಡುದಿಲ್ಲೆ. ಕುಂದಾಪ್ರದ ನರ್ಸಿಗೆ ಹೇಳಿ ಕಳ್ಸ್ತೆ.”

ಅಮ್ಮಣಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಅವಳಿಗೇ ತಿಳಿಯಲಿಲ್ಲ. ಬೇಡವೆಂದರೂ ಕೇಳದ ಭೋಜರಾಜನ ಮೇಲೋ, ಇಷ್ಟು ವರ್ಷದ ಕೆಲಸವನ್ನು ಒಂದು ಮಾತಿನಲ್ಲಿ ಎತ್ತಿ ಬಿಸಾಡಿದ ಸುಂದರಮ್ಮನ ಮೇಲೋ. ಹೋಗದಿದ್ದರೆ ಯಾರೂ ಅವಳನ್ನು ತಪ್ಪು ಎನ್ನುವವರಿಲ್ಲ. ನಾಯಿಯಲ್ಲವೇ, ಸತ್ತರೆ ಗುಂಡಿ ತೋಡಿ ಹುಗಿಯುತ್ತಾರೆ. ಹೋದರೆ ದೊಡ್ಡಮನೆಯ ಬಾಗಿಲು ಮುಚ್ಚಿತು, ಅದರ ಹಿಂದೆ ಊರಿನ ಬಾಗಿಲುಗಳೂ ಮುಚ್ಚುತ್ತವೆ. ಗುಣವತಿಯನ್ನು ಬೇರೆ ಯಾರೋ ಮುಟ್ಟುತ್ತಾರೆ ಎನ್ನುವುದನ್ನಂತೂ ಅವಳಿಂದ ಸಹಿಸಲಾಗಲಿಲ್ಲ.

“ಕೂಗ್ತಾ ಇತ್ತಾ?” ಎಂದು ಚಂದ್ರಮತಿಯನ್ನು ಕೇಳಿದಳು.

“ಮೊದ್ಲ್ ಕೂಗ್ತಿತ್ತ್. ಈಗ ಸುಮ್ನೆ ಕಣ್ ಬಿಟ್ಕಂಡ್ ಮಲ್ಕಂಡಿತ್ತ್.”

ಹೆರುವ ಜೀವ ಕೂಗುವಷ್ಟು ಹೊತ್ತು ಅಮ್ಮಣಿಗೆ ಹೆದರಿಕೆ ಇರುತ್ತಿರಲಿಲ್ಲ. ಸುಮ್ಮನಾದರೆ ಮಾತ್ರ ಅವಳ ಎದೆ ಹಾರುತ್ತಿತ್ತು. ಅವಳು ಒಳಗೆ ಹೋಗಿ ಎಣ್ಣೆಯ ಕುಪ್ಪಿಯನ್ನೂ ಹಳೆಯ ಸೀರೆಯ ಮೆತ್ತನೆ ತುಂಡುಗಳನ್ನೂ ತೆಗೆದುಕೊಂಡು ಬಂದಳು.

“ಅಮ್ಮ, ಗುಣವತಿಗೆ ಉಪ್ಪ್ ಕಮ್ಮಿ ಮಾಡಿ, ಕಾಲ್ ಎತ್ರ ಇಟ್ಟ್ ಮಲ್ಗ್ಸಿನಿ” ಎಂದಳು. “ಕರ್ದವ್ರ ಮನಿಗೆ ಹೋತಿಲ್ಲೆ ಅಂದೇಳಿ ಈ ಬಾಯಂಗೆ ಒಂದ್ ದಿನವೂ ಬರ್ಲಿಲ್ಲೆ. ಈಗ್ಳೂ ಬತ್ತಿಲ್ಲೆ.”

ಸುಂದರಮ್ಮ ಅಲ್ಲೇ ನಿಂತಿರುವಾಗಲೇ ಅಮ್ಮಣಿ ಅವರನ್ನು ದಾಟಿ ನಡೆದಳು.

ರೂಬಿ ಹಿತ್ತಿಲ ಜಗಲಿಯಲ್ಲಿ ಗೋಣಿಚೀಲದ ಮೇಲೆ ಮಲಗಿತ್ತು. ಹತ್ತಿಯಂಥ ಕೂದಲು ಬೆವರಿದಂತೆ ಒದ್ದೆಯಾಗಿ ಮೈಗೆ ಅಂಟಿ, ಅದು ಎಷ್ಟು ಸಣ್ಣ ಜೀವ ಎಂಬುದು ಆಗ ಕಾಣಿಸಿತು. ಅಮ್ಮಣಿ ಕೈಗೆ ಬಿಸಿನೀರು ಹಾಕಿಸಿಕೊಂಡಳು, ಎಣ್ಣೆ ಸವರಿಕೊಂಡಳು, ಚೊಚ್ಚಲ ಹೆರುವ ಹುಡುಗಿಗೆ ಹೇಳುವ ಹಾಗೆ, “ಹೆದ್ರಬೇಡ ಮಗಾ, ನಾನ್ ಬಂದಿದೆ” ಎಂದು ಹೇಳಿ ಹೊಟ್ಟೆಯ ಮೇಲೆ ಕೈಯಿಟ್ಟಳು. ನಾಯಿಗೆ ಏನು ತಿಳಿಯಿತೋ, ಕಣ್ಣು ತಿರುಗಿಸಿ ಅವಳನ್ನು ನೋಡಿತು. ಕಚ್ಚಲಿಲ್ಲ.

ಮರಿಯ ತಲೆ ದಾರಿಯಲ್ಲಿ ಸಿಕ್ಕಿಕೊಂಡಿತ್ತು. ಹಾಲಾಡಿಯ ತಲೆ, ಬೊಂಬಾಯಿಯ ಬಾಗಿಲು. ಅಮ್ಮಣಿ ಎರಡು ಬೆರಳುಗಳನ್ನು ತಲೆಯ ಹಿಂದಕ್ಕೆ ಜಾರಿಸಿ ಕಾದಳು. ರೂಬಿ ತಿಣುಕಿದಾಗ ಎಳೆದಳು, ಬಿಟ್ಟಾಗ ಬಿಟ್ಟಳು. ಅದರ ಉಸಿರಿಗೆ ತನ್ನ ಉಸಿರು ಸೇರಿಸಿಕೊಂಡು ಎಷ್ಟು ಹೊತ್ತು ಕುಳಿತಳೋ, ಅಂತೂ ಮೊದಲನೆಯ ಮರಿ ಬಂತು. ಕರಿಯದು, ದೊಡ್ಡದು. ಸತ್ತಿತ್ತು. ಅದನ್ನು ಬಟ್ಟೆಯಲ್ಲಿ ಸುತ್ತಿ ಬದಿಗಿಟ್ಟು ಅಮ್ಮಣಿ ಮತ್ತೆ ಕೈಗೆ ಎಣ್ಣೆ ಹಾಕಿಕೊಂಡಳು. ದಾರಿ ಬಿಟ್ಟಿತ್ತು. ಸೂರ್ಯ ನೆತ್ತಿಗೆ ಬರುವುದರೊಳಗೆ ಇನ್ನೆರಡು ಮರಿಗಳು ಬಂದವು. ಒಂದು ಬಿಳಿ ಕಾಲಿನ ಕರಿಯದು, ಇನ್ನೊಂದು ಬೂದಿ ಬಣ್ಣದ್ದು. ಮೂಗಿನ ನೀರು ಒರೆಸಿ, ಬೆನ್ನು ಉಜ್ಜಿ ತಾಯಿಯ ಮುಂದೆ ಇಟ್ಟಾಗ ರೂಬಿ ತಲೆ ಎತ್ತಿ ನೆಕ್ಕಿತು. ಅದು ನೆಕ್ಕಿದ್ದನ್ನು ನೋಡಿಯೇ ಅಮ್ಮಣಿ ಗೋಡೆಗೆ ಒರಗಿದ್ದು.

ಭೋಜರಾಜ ಒಳಗಿನಿಂದ ಬಂದ. ಕಣ್ಣು ಕೆಂಪಗಾಗಿತ್ತು. “ನನ್ನ್ ಹೆಡ್ಡತನ ಅಮ್ಮಣಕ್ಕ. ಇನ್ನ್ ಇದ್ರ ಸುದ್ದಿಗೆ ಹೋತಿಲ್ಲೆ” ಎಂದ. ಆಮೇಲೆ ದನಿ ತಗ್ಗಿಸಿ, “ನಿಮ್ಗೆ ಕೊಡೂದ್ ಎಲ್ಲ ಹಿಂದಿನ್ ದಾರಿಯಂಗೆ ತಂದ್ ಕೊಡ್ತೆ. ಯಾರಿಗೂ ಗೊತ್ತಾಪುದ್ ಬ್ಯಾಡ, ಅಲ್ದಾ? ನಿಮ್ಗೇ ಕಷ್ಟ” ಎಂದ.

ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಅಮ್ಮಣಿ ಎದ್ದು ನಿಂತಳು.

“ಎಂತಕೆ? ನಾನ್ ಕದ್ಕಂಡ್ ಬಂದದ್ದಾ? ಹೆರ್ಗಿ ಮಾಡ್ಸಿದ್ದಲ್ದಾ? ಬೇರೆ ಮನಿಯವ್ರ್ ಹ್ಯಾಂಗ್ ತತ್ರೋ ನೀನೂ ಹಾಂಗೇ ತರ್ಕ್. ಗೆರ್ಸಿಯಂಗೆ ಅಕ್ಕಿ, ಕಾಯಿ, ವೀಳ್ಯ. ಅಕ್ಕಿ ಒಂದ್ ಮುಷ್ಟಿ ಸಾಕ್, ರೇಷನ್ ಕಾಲ. ಆರೆ ಹಗ್ಲೊತ್ತಿಗೆ ತರ್ಕ್, ದೊಡ್ ದಾರಿಯಂಗೆ ತರ್ಕ್.”

ಮರುದಿನ ಹತ್ತು ಗಂಟೆಯ ಬಿಸಿಲಿನಲ್ಲಿ ಭೋಜರಾಜ ಅಕ್ಕಿ, ಕಾಯಿ, ವೀಳ್ಯ ಇಟ್ಟ ಬಿದಿರಿನ ಗೆರಸೆ ಹೊತ್ತುಕೊಂಡು, ದೊಡ್ಡಮನೆಯ ಮುಂದಿನಿಂದಲೇ ನಡೆದು ಬಂದ. ಕಟ್ಟೆಯ ಮೇಲಿದ್ದವರು ಬಾಯಿ ತೆರೆದು ನೋಡಿದರು. ಸಂಜೆಯೊಳಗೆ ಗಂಗೊಳ್ಳಿಗೂ ಸುದ್ದಿ ಮುಟ್ಟಿತ್ತು, ಅಮ್ಮಣಿ ನಾಯಿಯ ಸೂಲಗಿತ್ತಿಯಾದಳಂತೆ ಎಂದು.

ಆಮೇಲಿನ ದಿನಗಳು ಚೆನ್ನಾಗಿರಲಿಲ್ಲ. ಸುಂದರಮ್ಮ ಹೇಳಿದಂತೆಯೇ ಮಾಡಿದರು. ಕಡವು ದಾಟಿ ಕುಂದಾಪುರದ ನರ್ಸು ಬಂದು ಗುಣವತಿಯನ್ನು ನೋಡಿ, ನೋವು ಬಂದಾಗ ಹೇಳಿ ಕಳಿಸಿ ಎಂದು ಹೋದಳು. ಪಕ್ಕದ ಮನೆಯಿಂದ ಅರೆದ ಮಸಾಲೆ ಬರುವುದು ನಿಂತಿತು. ಅಮ್ಮಣಿ ಗಂಜಿಗೆ ಉಪ್ಪಿನಕಾಯಿ ನಂಜಿಕೊಂಡು ಉಂಡಳು. ಯಾರ ಮನೆಗೂ ಹೋಗಿ ಹಲ್ಲು ಗಿಂಜಲಿಲ್ಲ. ಆದರೂ ದಿನ ಹತ್ತಿರ ಬಂದಿತ್ತಲ್ಲ, ಯಾರಿಗಾಗಿ ಎಂದು ತಿಳಿಯದಿದ್ದರೂ ಅವಳು ಮೆಣಸು ಮುಟ್ಟಲಿಲ್ಲ.

ಅವಳಿಗೆ ಗೊತ್ತಿಲ್ಲದ ಒಂದು ಸಂಗತಿ ಆ ನಡುವೆ ನಡೆದಿತ್ತು. ಗುಣವತಿ ತುಂಬಿದ ಹೊಟ್ಟೆ ಹೊತ್ತುಕೊಂಡು, ತಾಯಿಯ ಕಣ್ಣು ತಪ್ಪಿಸಿ ಚಂದ್ರಮತಿಯ ಹಿತ್ತಿಲಿಗೆ ಹೋಗಿದ್ದಳು. ಅಷ್ಟು ಸಣ್ಣ ರೂಬಿ ಅಷ್ಟು ದಪ್ಪ ಮರಿಗಳಿಗೆ ಹಾಲು ಕೊಡುತ್ತ ಬಾಲ ಅಲ್ಲಾಡಿಸುವುದನ್ನು ಬಹಳ ಹೊತ್ತು ನೋಡುತ್ತ ಕುಳಿತಿದ್ದಳು. ಆ ದಿನ ಮನೆಗೆ ಬಂದು ಎರಡು ತುತ್ತು ಹೆಚ್ಚು ಉಂಡಳಂತೆ.

ಒಂಬತ್ತನೆಯ ದಿನ ಮಧ್ಯಾಹ್ನ ಸುಂದರಮ್ಮ ಮತ್ತೆ ಅಮ್ಮಣಿಯ ಅಂಗಳದಲ್ಲಿ ನಿಂತಿದ್ದರು. ಕಾಲಲ್ಲಿ ಮೆಟ್ಟು ಇರಲಿಲ್ಲ, ತಲೆ ಕೆದರಿತ್ತು, ಕೈಯಲ್ಲಿ ವೀಳ್ಯ ಇತ್ತು.

“ಗುಣವತಿಗೆ ನೋವ್ ಶುರು ಆಯ್ತ್. ನರ್ಸಿಗೆ ಹೇಳಿ ಕಳ್ಸ್ತೆ ಅಂದ್ರೆ ಕಂಬ ಹಿಡ್ಕಂಡ್ ಕೂಕಂಡಿತ್ತ್. ಅಮ್ಮಣಕ್ಕ ಬರ್ದೆ ಇದ್ರೆ ಒಳಗ್ ಬತ್ತಿಲ್ಲೆ ಅಂತ್” ಎಂದರು. ವೀಳ್ಯ ಮುಂದೆ ಹಿಡಿದು, “ಬಾ ಅಮ್ಮಣಿ” ಎಂದರು.

ಹತ್ತು ಮಾತು ಆಡಬಹುದಿತ್ತು. ಅಮ್ಮಣಿಯ ನಾಲಿಗೆಯ ತುದಿಯಲ್ಲೇ ಇದ್ದವು. ಆದರೆ ಅಲ್ಲಿ ನೋವು ತಿನ್ನುವ ಹೆಣ್ಣೊಂದು ಕಾಯುತ್ತಿರುವಾಗ ಮಾತಿಗೆ ಹೊತ್ತೆಲ್ಲಿ? ವೀಳ್ಯ ತೆಗೆದುಕೊಂಡು ಕಣ್ಣಿಗೊತ್ತಿಕೊಂಡು ಹೊರಟಳು.

ಗುಣವತಿ ಕಂಬ ಬಿಟ್ಟು ಅವಳ ಮಣಿಕಟ್ಟು ಹಿಡಿದುಕೊಂಡಳು. ತಾಯಿಯ ಕಡೆ ನೋಡಿ ಹಲ್ಲು ಕಚ್ಚಿಕೊಂಡೇ ಹೇಳಿದಳು: “ಅಮ್ಮ, ಮಾತ್ ಬಾರದ್ ಜೀವಕ್ಕೆ ಎಲ್ಲ್ ನೋವ್ ಅಂದೇಳಿ ಇವ್ರ್ ಕೈಗ್ ಗೊತ್ತಾಯ್ತ್. ನಂಗೆ ಬಾಯಿತ್ತ್, ನಾನ್ ಹೇಳ್ತೆ. ಮತ್ತೆಂತ ಹೆದ್ರಿಕೆ?”

ಅಷ್ಟು ವರ್ಷಗಳಲ್ಲಿ ಬೆಲೆಬಾಳುವ ಸೀರೆಗಳು ಅಮ್ಮಣಿಗೆ ಬಂದಿದ್ದವು, ಹೊಗಳಿಕೆಗಳು ಬಂದಿದ್ದವು. ಇಂಥ ಮಾತು ಬಂದಿರಲಿಲ್ಲ. ಅವಳ ಕಣ್ಣು ತುಂಬಿತು. ಹೆಮ್ಮೆಯಿಂದ ಎದೆ ಉಬ್ಬಿತು ಎಂದರೆ ಸುಳ್ಳಲ್ಲ. ಆದರೆ ಅಳುತ್ತ ನಿಲ್ಲುವ ಹೊತ್ತಲ್ಲ ಅದು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಿಸಿನೀರು ತರಿಸಿ, ದೊಡ್ಡಮನೆಯ ಒಡತಿಯ ಕಡೆ ತಿರುಗಿದಳು.

“ಅಮ್ಮ, ನೀವ್ ಹೆದ್ರಿರೆ ಅದೂ ಹೆದ್ರತ್ತ್. ಬಾಗ್ಲ್ ಹಾಕಿ ಹೊರಗ್ ಕೂಕಣಿ. ನಾನ್ ಕರ್ದ್ ಮೇಲೆ ಬಂದ್ರೆ ಸಾಕ್.”

ಊರಿಗೆಲ್ಲ ಅಪ್ಪಣೆ ಕೊಟ್ಟು ಅಭ್ಯಾಸವಾದ ಸುಂದರಮ್ಮ ಹೇಳಿದ ಹಾಗೆ ಹೊರಗೆ ಹೋಗಿ, ಬಾಗಿಲು ಎಳೆದುಕೊಂಡು, ಜಗಲಿಯ ಮೇಲೆ ಗಂಡನ ಪಕ್ಕದಲ್ಲಿ ಕುಳಿತರು. ಒಳಗಿನಿಂದ ಮಗಳ ಕೂಗು ಕೇಳಿದಾಗಲೆಲ್ಲ ಎದ್ದು ನಿಂತರು, ಮತ್ತೆ ಕುಳಿತರು. ಬಿಸಿಲು ಅಂಗಳ ಬಿಟ್ಟು ತೆಂಗಿನ ತಲೆಗೆ ಏರುವ ಹೊತ್ತಿಗೆ ಒಳಗೆ ಮಗುವಿನ ಅಳು ಕೇಳಿತು. ದಪ್ಪ ದನಿ. ಅಣ್ಣಯ್ಯ ಕೈ ಮುಗಿದರು. ಸುಂದರಮ್ಮ ಬಾಗಿಲ ತನಕ ಹೋದರು. ಆದರೆ ಅಮ್ಮಣಿ ಇನ್ನೂ ಕರೆದಿರಲಿಲ್ಲ. ಅವರು ಅಲ್ಲೇ ನಿಂತು ಕಾದರು.